ಮೂವತ್ತೆರಡನೆಯ ಬೇಡಿಕೆ

ತಪ್ಪು ಒಪ್ಪಿಕೊಳ್ಳುವ ದಿನ ಯಾವ ಅಂಗಿ ಹಾಕಿಕೊಳ್ಳಬೇಕು ಎನ್ನುವುದು ಎಂಟು ಗಂಟೆಯಾದರೂ ಅವನಿಗೆ ಬಗೆಹರಿದಿರಲಿಲ್ಲ. ಬಿಳಿಯದನ್ನು ಹಾಕಿಕೊಂಡರೆ ಕ್ಷಮೆ ಆಗಲೇ ಸಿಕ್ಕಿಬಿಟ್ಟವನ ಹಾಗೆ ಕಾಣುತ್ತಾನೆ. ನೀಲಿ ಗೆರೆಯದನ್ನು ಹಾಕಿಕೊಂಡರೆ ದಿನದ ಹಾಗೆ ಕಾಣುತ್ತಾನೆ, ದಿನದ ಹಾಗೆ ಕಂಡರೆ ದಿನದ ಹಾಗೆಯೇ ತುಟಿ ಪಿಟಕ್ಕೆನ್ನದೆ ಕೂತು ಎದ್ದು ಬಂದುಬಿಟ್ಟಾನು ಎಂಬ ಭಯ. ಕನ್ನಡಿಯ ಮುಂದೆ ಎರಡನ್ನೂ ಎದೆಗೆ ಹಿಡಿದು ನೋಡಿ, ಕೊನೆಗೆ ಬೂದು ಬಣ್ಣದ್ದನ್ನು ಆರಿಸಿದ. ಅದರಲ್ಲಿ ಒಂದು ಗುಂಡಿ ಇರಲಿಲ್ಲ. ಗುಂಡಿಯಿಲ್ಲದ ಅಂಗಿಯವನ ಮೇಲೆ ಜನ ಅಷ್ಟಾಗಿ ರೇಗಲಾರರು. ಹೀಗೆ ಯೋಚಿಸಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಇನ್ನೂ ಬಾಯಿ ಬಿಟ್ಟಿಲ್ಲ, ಆಗಲೇ ರಿಯಾಯಿತಿಗೆ ಅರ್ಜಿ ಹಾಕುತ್ತಿದ್ದೇನಲ್ಲ, ಎಂಥ ಮನುಷ್ಯ ನಾನು ಎಂದುಕೊಂಡ. ಎಂದುಕೊಂಡನೇ ಹೊರತು ಅಂಗಿ ಬದಲಿಸಲಿಲ್ಲ.

ಹೊರಗಿನ ಕೋಣೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು, ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು, ಯಾರದೋ ಕೋಟಿಗೆ ತೋಳು ಕೂರಿಸುತ್ತಿದ್ದಳು. ಇಪ್ಪತ್ತು ವರ್ಷ ಬೇರೆಯವರ ಬಟ್ಟೆ ಹೊಲಿದು ಅವಳಿಗೆ ಸೂಜಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ. ಸಿಟ್ಟು ಬಂದರೆ ಮಾತ್ರ ಒಂದೊಂದಾಗಿ ತೆಗೆದಿಡುತ್ತಾಳೆ. ಆದ್ದರಿಂದ ಮದುವೆಯಾದಂದಿನಿಂದ ಅವನು ಅವಳ ಮುಖಕ್ಕಿಂತ ಮೊದಲು ತುಟಿ ನೋಡುತ್ತಾನೆ. ಇವತ್ತು ನಾಲ್ಕೂ ಇದ್ದವು. ಏನು ಸಭೆ ಎಂದು ಕೇಳಿದಳು. ಕೆಲಸ ಮುಗಿದಿದೆ, ಏನೇನು ಕಲಿತೆವು ಎಂದು ಎಲ್ಲರೂ ಕೂತು ಮಾತಾಡುವ ಸಭೆ ಎಂದ. ಮುಗಿದ ಮೇಲೆ ಕಲಿಯುವುದೇ, ಕತ್ತರಿಸಿದ ಮೇಲೆ ಅಳತೆ ತೆಗೆದುಕೊಂಡ ಹಾಗಾಯಿತಲ್ಲ ಎಂದು ಅವಳು ತೋಳನ್ನು ತಿರುವಿ ಹಾಕಿದಳು. ಅವಳ ಗಿರಾಕಿಗಳೇನೂ ಕಡಿಮೆಯವರಲ್ಲ. ಅಳತೆ ಕೊಟ್ಟು ಹೋದವರು ಮಾರನೆಯ ದಿನ ಬಂದು ಉದ್ದ ಎರಡಂಗುಲ ಕಡಿಮೆಯಾಗಲಿ ಎನ್ನುತ್ತಾರೆ, ಅದರ ಮಾರನೆಯ ದಿನ ಒಂದಂಗುಲ ವಾಪಸ್ ಕೊಡಿ ಎನ್ನುತ್ತಾರೆ. ಅವಳು ಪುಸ್ತಕದಲ್ಲಿ ಅಳತೆಯ ಪಕ್ಕ ಅವರ ಕೈಲೇ ಸಹಿ ಹಾಕಿಸಿಕೊಳ್ಳುತ್ತಾಳೆ. ಮೊದಲ ಸಲ ಅದನ್ನು ನೋಡಿದಾಗ ಅವನು ನಕ್ಕಿದ್ದ, ಒಂದು ಲಂಗಕ್ಕೆ ಇಷ್ಟೆಲ್ಲ ಕಾಗದಪತ್ರವೇ ಎಂದು. ಆಗ ಅವಳು ಸೂಜಿ ತೆಗೆದಿಟ್ಟಿದ್ದಳು.

ಇವತ್ತು ಅವಳಿಗೆ ಹೇಳಿಬಿಡಬಹುದಿತ್ತು. ಬಸ್ಸಿನ ಕಿಟಕಿಗೆ ತಲೆಯೊರಗಿಸಿ ಕೂತ ಮೇಲೆ ಹಾಗನ್ನಿಸಿತು. ಹೇಳಬಹುದಾಗಿದ್ದದ್ದೆಲ್ಲ ಅವನಿಗೆ ಅನ್ನಿಸುವುದು ಬಸ್ಸು ಹೊರಟ ಮೇಲೆಯೇ. ಅವನ ಕೆಲಸವೇ ಬೇರೆಯವರಿಗೆ ಏನು ಬೇಕು ಎಂದು ಕೇಳಿ ಬರೆದುಕೊಳ್ಳುವುದು. ಆಫೀಸಿನವರು ಕಂಪ್ಯೂಟರಿಗೆ ಏನಾದರೂ ಹೊಸದು ಕಟ್ಟುವ ಮೊದಲು, ಅದನ್ನು ಬಳಸುವವರ ಹತ್ತಿರ ಇವನು ಹೋಗಿ ಕೂರುತ್ತಾನೆ, ಒಂದೊಂದು ಬೇಡಿಕೆಗೂ ಒಂದೊಂದು ಸಂಖ್ಯೆ ಕೊಟ್ಟು ಪಟ್ಟಿ ಮಾಡುತ್ತಾನೆ, ಆ ಪಟ್ಟಿ ನೋಡಿಕೊಂಡು ಉಳಿದವರು ಕಟ್ಟುತ್ತಾರೆ. ಹೀಗಾಗಿ ಅವನಿಗೆ ಪಟ್ಟಿ ಸರ್ ಎಂದೇ ಹೆಸರು. ಈ ಸಲದ್ದು ರೈಲ್ವೆಯವರ ಕೆಲಸ: ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳನ್ನು ಇಟ್ಟುಕೊಂಡು, ಕೇಳಿಕೊಂಡು ಬಂದವರಿಗೆ ಕೊಡುವ ವಿಭಾಗ. ಪ್ಲಾಟ್‌ಫಾರಂ ಕೊನೆಯಲ್ಲಿ, ಮೆಟ್ಟಿಲಿಳಿದು ಹೋಗಬೇಕಾದ ಮೂರು ಕೋಣೆ. ನೋಡಿಕೊಳ್ಳುವವರು ನಿವೃತ್ತಿಗೆ ಹತ್ತಿರವಾದ ಒಬ್ಬ ಗುಮಾಸ್ತರು. ಕೊಡೆಯನ್ನು ಬಿಚ್ಚದೆಯೇ ಅದರ ವಯಸ್ಸು ಹೇಳುತ್ತಿದ್ದದ್ದರಿಂದ ಎಲ್ಲರೂ ಅವರನ್ನು ಕೊಡೆ ಮೇಷ್ಟ್ರು ಎನ್ನುತ್ತಿದ್ದರು. ಮೊದಲ ದಿನ ಮೇಷ್ಟ್ರು ಕೇಳಿದ್ದು ಮೂರೇ ಮೂರು: ಏನು ಬಂತು, ಎಲ್ಲಿಟ್ಟಿದೆ, ಯಾರು ತೆಗೆದುಕೊಂಡು ಹೋದರು. ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬಹುದಲ್ಲ ಎಂದು ಅವನಿಗೆ ಬಾಯಿಗೆ ಬಂದಿತ್ತು. ಮೇಷ್ಟ್ರು ಹನ್ನೊಂದು ವರ್ಷದಿಂದ ನೋಟ್‌ಬುಕ್ಕಿನಲ್ಲೇ ಬರೆಯುತ್ತಿದ್ದರು, ಒಂದು ಸಾಮಾನೂ ತಪ್ಪಿರಲಿಲ್ಲ.

ಎರಡನೆಯ ಸಲ ಹೋದಾಗ ಕೊಡೆಯ ಬಣ್ಣವೂ ಇರಲಿ ಎಂದಾಯಿತು. ಮೂರನೆಯ ಸಲ, ಕಪ್ಪು ಮತ್ತು ಮಾಸಿದ ಕಪ್ಪು ಒಂದೇ ಬಣ್ಣವೋ ಎರಡೋ ಎಂದು ಅರ್ಧ ದಿನ ಹೋಯಿತು. ಕೈಗವಸು ಜೊತೆಯಾಗಿ ಸಿಕ್ಕರೆ ಒಂದು ಸಾಮಾನು, ಒಂಟಿಯಾಗಿ ಸಿಕ್ಕರೆ ಅರ್ಧವೋ ಎಂಬುದಕ್ಕೆ ಬರೆಯುವ, ಕಟ್ಟುವ, ಪರೀಕ್ಷಿಸುವ ಮೂರು ತಂಡದವರು ಸೇರಿ ಚರ್ಚೆ ಮಾಡಿದರು. ಹಲ್ಲಿನ ಸೆಟ್ಟಿನ ಮೇಲಿನದು ಒಂದು ರೈಲಿನಲ್ಲೂ ಕೆಳಗಿನದು ಇನ್ನೊಂದರಲ್ಲೂ ಸಿಕ್ಕಿದ ದಿನ ಆ ಚರ್ಚೆಯನ್ನೇ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಆ ಮೂರು ಕೋಣೆಗಳಿಗೆ ಒಂದು ದಿನವೂ ಕಾಲಿಡದ ಮೇಷ್ಟ್ರ ಮೇಲಧಿಕಾರಿ, ಯಾವ ಸಾಮಾನು ಎಲ್ಲಿದೆ ಎಂದು ತೋರಿಸುವ ನಕಾಶೆ ಬೇಕೇ ಬೇಕು ಎಂದು ಪಟ್ಟು ಹಿಡಿದರು. ಪ್ರತಿಯೊಂದಕ್ಕೂ ಇವನ ಮ್ಯಾನೇಜರ್ ಫೋನಿನಲ್ಲಿ ಹೇಳುತ್ತಿದ್ದ ಮಾತು ಒಂದೇ, ಚಿಕ್ಕ ಬದಲಾವಣೆ ಸೇರಿಸಿಬಿಡಿ. ಮೂವತ್ತೊಂದು ಆಗುವಷ್ಟರಲ್ಲಿ ಅವನಿಗೆ ಪಟ್ಟಿಯ ಮೇಲೆ ಒಂಥರಾ ಅಸಹ್ಯ ಬಂದಿತ್ತು. ಮೂವತ್ತೊಂದು ಬೇಕು, ಒಂದೊಂದೂ ಇಷ್ಟಿಷ್ಟೇ, ಯಾವುದೊಂದಕ್ಕೂ ಯಾರೂ ಆಸೆ ಪಟ್ಟಂತೆ ಇರಲಿಲ್ಲ. ಅದೇ ವಾರ ಹೆಂಡತಿ, ಎರಡು ಸೂಜಿ ತೆಗೆದಿಟ್ಟು, ಊರಿಗೆಲ್ಲ ಏನು ಬೇಕು ಅಂತ ಬರ್ಕೊಂಡು ಬರ್ತೀರಿ, ನಿಮಗೇನು ಬೇಕು ಅಂತ ಕೇಳಿದ್ರೆ ಗೋಡೆ ನೋಡ್ತೀರಿ ಎಂದಿದ್ದಳು. ಪ್ರಶ್ನೆ ಭಾನುವಾರ ಎಲ್ಲಿಗೆ ಹೋಗೋಣ ಎನ್ನುವುದರ ಬಗ್ಗೆಯಷ್ಟೆ. ಆದರೆ ಮಾತು ಒಳಗೆ ಎಲ್ಲೋ ಕೂತಿತು.

ಆಗ ಆದದ್ದು ಅದು. ಮೇಷ್ಟ್ರೂ ಅವನೂ ಆ ಕೋಣೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದರು. ಸುತ್ತ ಕಪಾಟುಗಳಲ್ಲಿ ಹೆಲ್ಮೆಟ್ಟುಗಳು, ಕನ್ನಡಕಗಳು, ಒಂದು ತೊಟ್ಟಿಲು, ಊರುಗೋಲುಗಳ ದೊಡ್ಡ ಕಟ್ಟು. ಊರುಗೋಲು ಬಿಟ್ಟುಹೋದವರು ಹೇಗೆ ನಡೆದು ಹೋದರೋ. ಮೇಷ್ಟ್ರು ಲೋಟ ಕೆಳಗಿಟ್ಟು, ಕಳೆದುಕೊಂಡವರಲ್ಲಿ ಹತ್ತಕ್ಕೆ ಒಬ್ಬರು ಬಂದರೆ ಹೆಚ್ಚು, ಈ ಸಾಮಾನುಗಳಿಗೇ ಕಾಲಿದ್ದಿದ್ದರೆ ತಾವೇ ಮನೆ ಹುಡುಕಿಕೊಂಡು ಹೋಗುತ್ತಿದ್ದವು ಎಂದರು. ಇಬ್ಬರೂ ನಕ್ಕರು. ಮಾರನೆಯ ದಿನ ಆಫೀಸಿನಲ್ಲಿ ಕೂತು ಪಟ್ಟಿ ಬರೆಯುವಾಗ ಅವನ ಕೈ ಮೂವತ್ತೊಂದರ ಕೆಳಗೆ ನಿಲ್ಲಲಿಲ್ಲ. ಮೂವತ್ತೆರಡು: ಒಳಬಂದ ವಸ್ತುವು ತನ್ನ ಒಡೆಯರನ್ನು ತಾನೇ ಹುಡುಕತಕ್ಕದ್ದು. ಬರೆದು ನೋಡಿದ. ಮೈ ಜುಮ್ಮೆಂದಿತು. ಹದಿನಾರು ವರ್ಷದಲ್ಲಿ ಮೊದಲ ಸಲ ಪಟ್ಟಿಯಲ್ಲಿ ತನಗೆ ಬೇಕಾದದ್ದೊಂದು ಕೂತಿತ್ತು. ಆದರೆ ಪ್ರತಿ ಬೇಡಿಕೆಯ ಪಕ್ಕದಲ್ಲಿಯೂ ‘ಕೇಳಿದವರು’ ಎಂದು ಒಂದು ಖಾನೆ ಇರುತ್ತದೆ. ಮೇಷ್ಟ್ರ ಹೆಸರು ಹಾಕೋಣವೆಂದರೆ ಅವರು ಕೇಳಿರಲಿಲ್ಲ, ತಮಾಷೆ ಮಾಡಿದ್ದರು. ತನ್ನ ಹೆಸರು ಹಾಕೋಣವೆಂದರೆ ಪಟ್ಟಿ ಬರೆಯುವವನು ಕೇಳುವವನಲ್ಲ. ಅಡುಗೆ ಬಡಿಸುವವನೇ ಎಲೆ ಹಾಕಿಕೊಂಡು ಕೂತಂತೆ ಆಗುತ್ತದೆ. ಐದು ನಿಮಿಷ ಪೇಚಾಡಿ, ‘ಬಳಕೆದಾರರು’ ಎಂದು ಬರೆದ. ಬಳಕೆದಾರರಷ್ಟು ಒಳ್ಳೆಯವರು ಯಾರೂ ಇಲ್ಲ. ಅವರು ಎಲ್ಲ ಪಟ್ಟಿಯಲ್ಲೂ ಇರುತ್ತಾರೆ, ಯಾವ ಸಭೆಗೂ ಬರುವುದಿಲ್ಲ, ನಾನು ಹಾಗೆ ಹೇಳಿಲ್ಲ ಎಂದು ಎದ್ದು ನಿಲ್ಲುವುದಿಲ್ಲ.

ಬಸ್ಸು ಸಿಗ್ನಲಿನಲ್ಲಿ ನಿಂತಿತು. ಪಕ್ಕದ ಸೀಟಿನವರು ಇಳಿಯುವಾಗ ಕೊಡೆ ಬಿಟ್ಟುಹೋಗುತ್ತಿದ್ದರು. ಅವನು ಗಾಬರಿಯಿಂದ ಕೂಗಿ ಕರೆದು ಕೊಟ್ಟ. ಅವರು ಥ್ಯಾಂಕ್ಸ್ ಎನ್ನುವುದರೊಳಗೆ ಇವನಿಗೆ ಬೆವರು ಬಂದಿತ್ತು. ಎರಡು ತಿಂಗಳಿಂದ ಕೊಡೆ ಕಂಡರೆ ಹೀಗೆಯೇ.

ಮೂವತ್ತೆರಡನ್ನು ಕಟ್ಟಿದ್ದು ಇನ್ನೊಂದು ಕಂಪನಿಯವರು, ಫೋನಿನ ವಿದ್ಯೆಯಲ್ಲಿ ಪಳಗಿದವರು. ಅವರ ಮುಖ್ಯಸ್ಥ ಗಡ್ಡದವನು. ಬೇರೆ ಗುರುತು ಹೇಳಬೇಕಾಗಿಲ್ಲ, ಅಂಥ ಗಡ್ಡ. ನಾಲ್ಕು ತಿಂಗಳು ಹಿಡಿಯಿತು. ಸಾಮಾನು ಸಿಕ್ಕಿದ ಕೂಡಲೇ ಆ ರೈಲಿನಲ್ಲಿ ಟಿಕೆಟ್ ಕಾದಿರಿಸಿದ್ದವರಿಗೆಲ್ಲ ಯಂತ್ರವೇ ಫೋನ್ ಮಾಡಿ, ಇಂಥದ್ದು ಸಿಕ್ಕಿದೆ, ನಿಮ್ಮದಾದರೆ ಬನ್ನಿ ಎಂದು ಹೇಳುವ ಏರ್ಪಾಡು. ದನಿ ಗಡ್ಡದವನ ಅಕ್ಕನದು, ಕೇಳಿದವರು ಇಲ್ಲ ಎನ್ನಲಾರದಂಥ ದನಿ. ಪ್ರಯೋಗದ ಮೊದಲ ದಿನ ಒಳಬಂದದ್ದು ಒಂದೇ ಒಂದು ಕಪ್ಪು ಕೊಡೆ. ಯಂತ್ರ ಆರುನೂರ ನಲವತ್ತು ಮನೆಗೆ ಫೋನ್ ಮಾಡಿತು. ಮಧ್ಯಾಹ್ನದೊಳಗೆ ಇನ್ನೂರ ಹನ್ನೆರಡು ಜನ ಮೆಟ್ಟಿಲ ಮೇಲೆ ಸಾಲಾಗಿ ನಿಂತರು. ಮೇಷ್ಟ್ರು ಒಬ್ಬೊಬ್ಬರಿಗೂ ಗುರುತು ಹೇಳಿ ಎಂದರು. ಎಲ್ಲರದ್ದೂ ಕಪ್ಪು, ಎಲ್ಲರದ್ದೂ ಬಾಗಿದ ಹಿಡಿ. ಕಡೆಗೆ ಹಿಡಿ ಒಬ್ಬರ ಕೈಗೆ ಬಂತು, ಬಟ್ಟೆ ಇನ್ನೊಬ್ಬರ ಪಾಲಾಯಿತು, ಕಡ್ಡಿಗಳು ಮೇಷ್ಟ್ರಿಗೆ ಉಳಿದವು. ಸಾಲಿನ ಕೊನೆಯಲ್ಲಿ ವಯಸ್ಸಾದ ಒಬ್ಬ ಹೆಂಗಸು ಕೊಡೆಯ ವಿಷಯವನ್ನೇ ಎತ್ತದೆ ನಿಂತಿದ್ದರು. ನಿಮ್ಮದೇನು ಕಳೆದಿದೆ ಎಂದು ಮೇಷ್ಟ್ರು ಕೇಳಿದ್ದಕ್ಕೆ, ಏನೂ ಇಲ್ಲ, ಅಷ್ಟು ಚೆನ್ನಾಗಿ ಕರೆದಿರಿ, ಬಂದೆ ಎಂದರಂತೆ. ಈ ಕೊನೆಯ ಸಂಗತಿಯನ್ನು ಆಫೀಸಿನಲ್ಲಿ ಎಲ್ಲರೂ ಹೇಳಿ ಹೇಳಿ ನಗುತ್ತಿದ್ದರು. ಅವನಿಗೆ ನಗು ಬರುತ್ತಿರಲಿಲ್ಲ.

ನಗು ಮುಗಿದ ಮೇಲೆ ಗೂಬೆ ಕೂರಿಸಲು ಒಂದು ತಲೆ ಬೇಕಾಯಿತು. ಮಾರನೆಯ ದಿನದ ಸಭೆಯಲ್ಲಿ ಮ್ಯಾನೇಜರ್ ಮೇಜಿನ ಮೇಲೆ ಪೆನ್ನು ತಟ್ಟುತ್ತಾ, ಟೆಸ್ಟಿಂಗ್‌ನೋರು ನಿದ್ದೆ ಮಾಡ್ತಿದ್ರಾ ಎಂದು ಕೇಳಿದ. ಟೆಸ್ಟಿಂಗ್‌ನೋರು ಎಂದರೆ ಒಬ್ಬಳೇ, ಕಟ್ಟಿದ್ದನ್ನೆಲ್ಲ ಒಡೆದು ನೋಡಿ ಸರಿಯಿದೆ ಎಂದು ಹೇಳುವ ಕೆಲಸದವಳು. ಇವನು ಮನಸ್ಸಿನಲ್ಲಿ ಅವಳನ್ನು ಹುಡುಗಿ ಎನ್ನುತ್ತಿದ್ದ, ಅವಳಿಗೆ ಮೂವತ್ತಮೂರಾಗಿದ್ದರೂ. ಹುಡುಗಿ ಎಂದುಕೊಂಡರೆ ತಾನು ಹಿರಿಯನಾಗುತ್ತಾನೆ, ಹಿರಿಯನಾದರೆ ಸುಮ್ಮನಿರುವುದಕ್ಕೂ ಒಂದು ಘನತೆ ಬರುತ್ತದೆ. ಅವಳು ತಲೆಯೆತ್ತಿ ನೋಡಿದಳು, ಮ್ಯಾನೇಜರನ್ನಲ್ಲ, ಇವನನ್ನು. ಅರ್ಧ ಕ್ಷಣ. ಇವನ ಎದುರಿಗೆ ತಟ್ಟೆಯಲ್ಲಿ ಬಿಸ್ಕತ್ತಿದ್ದವು; ಒಂದನ್ನು ತೆಗೆದುಕೊಂಡು ಬಹಳ ಜಾಗರೂಕತೆಯಿಂದ ಎರಡು ಸಮಭಾಗ ಮಾಡುವುದರಲ್ಲಿ ತೊಡಗಿದ. ಅಂದಿನಿಂದ ಅವಳ ಮೇಜಿನ ಮುಂದೆ ಹಾಯುವುದು ಬಿಟ್ಟ. ನೀರು ಬೇಕಾದರೆ ಮೇಲಿನ ಮಹಡಿಗೆ ಹೋಗುತ್ತಾನೆ. ಡಾಕ್ಟರು ಮೆಟ್ಟಿಲು ಹತ್ತಲು ಹೇಳಿದ್ದಾರೆ ಎಂದು ಮೇಲಿನ ಮಹಡಿಯವರಿಗೆ ತಾನಾಗಿಯೇ ತಿಳಿಸಿದ್ದ. ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಎಪ್ಪತ್ತೆಂಟಕ್ಕೆ ಬೆಳೆದಿದ್ದ ಪಟ್ಟಿಯಿಂದ ಮೂವತ್ತೆರಡನ್ನು ಕಿತ್ತುಹಾಕಿ, ಉಳಿದ ಎಪ್ಪತ್ತೇಳನ್ನು ಹೋದ ವಾರ ಮೇಷ್ಟ್ರ ಮೇಜಿನ ಮೇಲೆ ಕೂರಿಸಿ ಬಂದಾಯಿತು. ಅಲ್ಲಿಗೆ ಕೈತೊಳೆದುಕೊಳ್ಳಬಹುದಿತ್ತು. ಆದರೆ ಮೊನ್ನೆ ಲಿಫ್ಟಿನಲ್ಲಿ ಯಾರೋ ಯಾರಿಗೋ ಹೇಳುತ್ತಿದ್ದರು, ಸೋಮವಾರದಿಂದ ಟೆಸ್ಟಿಂಗ್‌ನೋಳು ಹಳೇ ಕಟ್ಟಡಕ್ಕಂತೆ ಎಂದು. ರಸ್ತೆಯಾಚೆಯ ಹಳೇ ಕಟ್ಟಡದಲ್ಲಿ ಹತ್ತು ಹದಿನೈದು ವರ್ಷದ ಹಿಂದೆ ಕಟ್ಟಿದ ಕಂಪ್ಯೂಟರ್ ವ್ಯವಸ್ಥೆಗಳು ಕೆಮ್ಮುತ್ತಾ ನಡೆಯುತ್ತಿವೆ. ಅವುಗಳ ಯೋಗಕ್ಷೇಮ ನೋಡಿಕೊಳ್ಳಲು ಹೋದವರು ತಿರುಗಿ ಬಂದದ್ದಿಲ್ಲ. ತನ್ನ ಒಂದು ಸಾಲಿಗೆ ಅವಳ ತಲೆದಂಡ ಎಂದು ಅವನಿಗೆ ಆ ಲಿಫ್ಟಿನಲ್ಲೇ ಅನ್ನಿಸಿತು. ಇವತ್ತು ಗುರುವಾರ. ಇವತ್ತು ಹೇಳದಿದ್ದರೆ ಅವಳು ಹೋಗಿಬಿಡುತ್ತಾಳೆ, ತಾನು ನಿವೃತ್ತಿಯಾಗುವ ತನಕ, ಇನ್ನು ಹನ್ನೆರಡು ವರ್ಷ, ಬೇರೆ ಬೇರೆ ಮಹಡಿಯಲ್ಲಿ ನೀರು ಕುಡಿಯುತ್ತಿರಬೇಕು.

ಹತ್ತೂವರೆಗೆ ಸಭೆ. ನಡೆಸುವುದಕ್ಕೆ ಹೊರಗಿನಿಂದ ಒಬ್ಬರು ಬಂದಿದ್ದರು. ಬಣ್ಣಬಣ್ಣದ ಅಂಟುಚೀಟಿಗಳ ಕಟ್ಟನ್ನು ಇಸ್ಪೀಟಿನಂತೆ ಹಂಚುತ್ತಾ ಒಳಬಂದದ್ದರಿಂದ ಎರಡೇ ನಿಮಿಷದಲ್ಲಿ ಅವರಿಗೆ ಚೀಟಿಯಮ್ಮ ಎಂದು ಹೆಸರು ಬಿದ್ದಿತ್ತು. ಅವರ ನಿಯಮ ಸುಲಭ. ಆದ ತಪ್ಪುಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುವುದು, ಯಾರೂ ಹೆಸರು ಹಾಕಬಾರದು, ಯಾರ ಹೆಸರನ್ನೂ ಹೇಳಬಾರದು. ತಪ್ಪು ಇರಲಿ, ತಪ್ಪಿತಸ್ಥರು ಬೇಡ. ಇದನ್ನು ಕೇಳಿ ಹತ್ತು ಮುಖಗಳಲ್ಲಿ ಕಂಡ ನೆಮ್ಮದಿ ಅವನ ಮುಖದಲ್ಲೂ ಒಂದು ಗಳಿಗೆ ಮೂಡಿತು. ಬಂದಿದ್ದವರಲ್ಲಿ ಮ್ಯಾನೇಜರ್, ಗಡ್ಡದವನು, ಇಸ್ತ್ರಿ ಮಾಡಿದ ಕೋಟಿನಲ್ಲಿ ಮುದುಡಿ ಕೂತ ಕೊಡೆ ಮೇಷ್ಟ್ರು, ಮೇಜಿನ ಆ ತುದಿಯಲ್ಲಿ ಅವಳು. ಅವಳ ಪಕ್ಕದ ಕುರ್ಚಿಯೊಂದೇ ಖಾಲಿಯಿತ್ತು. ಅವನು ಕಿಟಕಿಯ ಹತ್ತಿರ ನಿಂತುಕೊಂಡೇ ಬರೆಯುತ್ತೇನೆ, ಬೆನ್ನು ನೋವು ಎಂದ.

ಮೊದಲು ಎಡಗೈಯಲ್ಲಿ ಬರೆಯಲು ನೋಡಿದ. ಅಕ್ಷರ ಗೊತ್ತಾಗದಿರಲಿ ಎಂದು. ಮೂವತ್ತೆರಡು ಎಂಬುದು ಕಪ್ಪೆ ಕುಪ್ಪಳಿಸಿದ ಹಾಗೆ ಬಂತು. ಒಪ್ಪಿಕೊಳ್ಳಲು ಬಂದು ಗುರುತು ಮರೆಸುವುದೇ ಎಂದು ತನ್ನ ಮೇಲೆಯೇ ಹೇಸಿಕೊಂಡು, ಆ ಚೀಟಿಯನ್ನು ಮುದುರಿ ಜೇಬಿಗೆ ಹಾಕಿ, ಬಲಗೈಯಲ್ಲಿ, ಇಡೀ ಆಫೀಸಿಗೆ ಪರಿಚಯವಿದ್ದ ತನ್ನ ದುಂಡು ಅಕ್ಷರಗಳಲ್ಲಿ ಬರೆದ: ಮೂವತ್ತೆರಡನ್ನು ಯಾರೂ ಕೇಳಿರಲಿಲ್ಲ, ಪಟ್ಟಿ ಬರೆದವನೇ ಸೃಷ್ಟಿಸಿದ್ದು. ಬರೆದು ಡಬ್ಬಿಗೆ ಹಾಕಿದಾಗ ಒಂದು ತರಹದ ಹೆಮ್ಮೆಯೂ ಆಯಿತು. ಇನ್ನೇನು ಚೀಟಿ ಹೊರಗೆ ಬರುತ್ತದೆ, ಕೋಣೆ ಸ್ತಬ್ಧವಾಗುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ, ಇವನು ತಲೆ ತಗ್ಗಿಸುತ್ತಾನೆ. ಎಷ್ಟು ತಗ್ಗಿಸಬೇಕು ಎಂಬುದನ್ನೂ ಯೋಚಿಸಿಟ್ಟುಕೊಂಡಿದ್ದ.

ಚೀಟಿಯಮ್ಮ ಒಂದೊಂದಾಗಿ ಓದುತ್ತಾ ಗೋಡೆಗೆ ಅಂಟಿಸತೊಡಗಿದರು. ಸಭೆಗಳು ಹೆಚ್ಚಾದವು. ಸಭೆಗಳು ಕಡಿಮೆಯಾದವು. ಚಿಕ್ಕ ಬದಲಾವಣೆ ಎಂಬ ಮಾತನ್ನು ನಿಷೇಧಿಸಬೇಕು. ಆಮೇಲೆ ಇವನದನ್ನು ಓದಿದರು. ಕೋಣೆ ಸ್ತಬ್ಧವಾಗಲು ಹೊರಟಿತ್ತು. ಅಷ್ಟರಲ್ಲಿ ಮುಂದಿನ ಚೀಟಿ ಬಂತು. ಮೂವತ್ತೆರಡು ನಾನು ಚಹಾ ಕುಡಿಯುತ್ತಾ ಆಡಿದ ತಮಾಷೆ ಮಾತು, ತಿಳಿದವರು ಬರೆದುಕೊಂಡಿದ್ದಾರೆ, ಬೇಡವೆನ್ನಲು ಬಾಯಿ ಬರಲಿಲ್ಲ. ಹಳೇ ಕಾಲದ ಓರೆ ಅಕ್ಷರ. ಮೇಷ್ಟ್ರು ಮೇಜಿನ ಕೆಳಗೆ ಏನನ್ನೋ ಹುಡುಕತೊಡಗಿದರು. ಅದರ ಹಿಂದೆಯೇ ಇನ್ನೊಂದು: ಮೂವತ್ತೆರಡರಲ್ಲಿ ಹುಡುಕಬೇಕು ಎಂದಷ್ಟೇ ಇತ್ತು, ಎಲ್ಲರಿಗೂ ಫೋನ್ ಮಾಡುವುದನ್ನು ನಾವೇ ಸೇರಿಸಿದ್ದು, ದನಿ ಅಷ್ಟು ಚೆನ್ನಾಗಿ ಬಂದಿತ್ತು. ಗಡ್ಡದವನು ಗಡ್ಡದೊಳಗೆ ಇಳಿದುಹೋದ. ನಾಲ್ಕನೆಯದು ಹಸಿರು ಶಾಯಿಯಲ್ಲಿತ್ತು. ಆ ಆಫೀಸಿನಲ್ಲಿ ಹಸಿರು ಪೆನ್ನು ಇದ್ದದ್ದು ಮ್ಯಾನೇಜರನ ಜೇಬಿನಲ್ಲಿ ಮಾತ್ರ. ಮೂವತ್ತೆರಡಕ್ಕೆ ಓದದೆ ಸಹಿ ಹಾಕಲಾಯಿತು.

ಅವನಿಗೆ ಆದದ್ದು ಸಮಾಧಾನವಲ್ಲ, ಮತ್ಸರ. ಆರು ತಿಂಗಳು ಒಬ್ಬನೇ ಹೊತ್ತುಕೊಂಡಿದ್ದ, ಎರಡು ತಿಂಗಳಿಂದ ಮಹಡಿ ಹತ್ತಿ ಇಳಿಯುತ್ತಿದ್ದ. ಈಗ ನೋಡಿದರೆ ಮೂವರು ಪಾಲುದಾರರು. ಓದದೆ ಸಹಿ ಹಾಕುವುದೂ ಒಂದು ತಪ್ಪೇ, ದಿನಾ ಹಾಕುತ್ತಾನಲ್ಲ. ತಮಾಷೆ ಮಾಡುವುದು ತಪ್ಪಾದರೆ ಮೇಷ್ಟ್ರು ಬದುಕುವುದಾದರೂ ಹೇಗೆ. ಮೂಲ ತಪ್ಪು ತನ್ನದು, ಉಳಿದವರದ್ದು ಬರೀ ಹೊದಿಕೆ ಎಂದು ಕೂಗಿ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಚೀಟಿಯಮ್ಮ ನಾಲ್ಕನ್ನೂ ಒಟ್ಟಿಗೆ ಸರಿಸಿ, ಅವುಗಳ ತಲೆಯ ಮೇಲೆ ಗುಲಾಬಿ ಬಣ್ಣದ ದೊಡ್ಡ ಚೀಟಿ ಅಂಟಿಸಿ, ‘ಸಂವಹನದ ಕೊರತೆ’ ಎಂದು ಬರೆದರು. ಇಡೀ ಕೋಣೆ ಒಮ್ಮೆಗೇ ಉಸಿರು ಬಿಟ್ಟಿತು. ಮ್ಯಾನೇಜರ್ ಚಪ್ಪಾಳೆ ತಟ್ಟಿದ. ಮೇಜಿನ ಆ ತುದಿಯಲ್ಲಿ ಅವಳು ತನ್ನ ಮುಂದಿದ್ದ ಖಾಲಿ ಚೀಟಿಗಳನ್ನು ಅಂಚು ಕೂಡಿಸಿ ಜೋಡಿಸುತ್ತಿದ್ದಳು. ಸಂವಹನದ ಕೊರತೆಯನ್ನು ಯಾರೂ ಹಳೇ ಕಟ್ಟಡಕ್ಕೆ ಕಳಿಸುವುದಿಲ್ಲ, ಅವಳನ್ನು ಕಳಿಸುತ್ತಾರೆ.

“ಮೂವತ್ತೆರಡು ನನ್ನದು,” ಅಂದ.

ದನಿ ಅವನಿಗೇ ಅಪರಿಚಿತವಾಗಿತ್ತು. ಇಲ್ಲಿ ಯಾರದ್ದೆಂದು ಹೇಳುವುದು ಬೇಡ ಎಂದು ಚೀಟಿಯಮ್ಮ ಮೆಲ್ಲಗೆ ನೆನಪಿಸಿದರು. ಅವನು ಇನ್ನೊಂದು ಸಲ ಅಂದ. ಅದಕ್ಕೆ ಮೇಷ್ಟ್ರು ಎದ್ದು ನಿಂತು, ಅವರು ದೊಡ್ಡ ಮನಸ್ಸಿನಿಂದ ಹಾಗೆ ಹೇಳುತ್ತಿದ್ದಾರೆ, ಅದು ನನ್ನದೇ ಎಂದರು. ಗಡ್ಡದವನು ಆರುನೂರ ನಲವತ್ತು ಫೋನ್ ಮಾಡಿಸಿದವನು ತಾನಿರುವಾಗ ಇವರಿಬ್ಬರದ್ದೇನು ಎಂದ. ಕಪ್ಪು ಕೊಡೆಗೆ ಬಂದಿದ್ದ ಸಾಲಿನ ಹಾಗೆಯೇ ಆಯಿತು. ಮ್ಯಾನೇಜರ್ ಒಬ್ಬ ಮಾತ್ರ ಸಾಲಿಗೆ ಸೇರದೆ ಸೂರು ನೋಡುತ್ತಿದ್ದ. ಇವನಿಗೆ ರೇಗಿಹೋಯಿತು. ನೆಟ್ಟಗೆ ಮೇಜಿನ ಆ ತುದಿಗೆ ಕೈ ತೋರಿಸಿ, “ಇವರನ್ನ ಹಳೇ ಕಟ್ಟಡಕ್ಕೆ ಕಳಿಸಬೇಡಿ. ತಪ್ಪು ಇವರದ್ದಲ್ಲ. ನಾನು ಬೇಕಾದ್ರೆ ಹೋಗ್ತೀನಿ,” ಅಂದ. ಬೂದು ಅಂಗಿಯ ಗುಂಡಿಯಿಲ್ಲದ ಜಾಗ ಬಾಯಿ ತೆರೆದುಕೊಂಡಿತ್ತು.

ಮ್ಯಾನೇಜರ್ ಸೂರಿನಿಂದ ಕೆಳಗಿಳಿದು, ಅವರನ್ನ ಯಾರ್ರೀ ಕಳಿಸ್ತಿದ್ದಾರೆ ಎಂದು ಕೇಳಿದ. ನಿಜಕ್ಕೂ ಗೊತ್ತಿಲ್ಲದ ಮುಖ.

“ನನ್ನನ್ನ ಯಾರೂ ಕಳಿಸ್ತಿಲ್ಲ ಸರ್,” ಅವಳು ಅಂದಳು. “ನಾನೇ ಕೇಳ್ಕೊಂಡು ಹೋಗ್ತಿರೋದು.”

ಚೀಟಿಯಮ್ಮ ಕೆಲಸ ಬಲ್ಲವರು. ಹದಿನೈದು ನಿಮಿಷ ಚಹಾಕ್ಕೆ ಬಿಟ್ಟರು. ಕುರ್ಚಿಗಳ ಸದ್ದು, ಮೇಷ್ಟ್ರ ಕೆಮ್ಮು, ಬಾಗಿಲು. ಅವನು ಕೈ ತೋರಿಸಿದ ಜಾಗದಲ್ಲೇ ನಿಂತಿದ್ದ. ಕೈ ಇಳಿಸಿದ್ದು ಯಾವಾಗ ಎಂದು ನೆನಪಿರಲಿಲ್ಲ. ಹೊಟ್ಟೆಯೊಳಗೆ ಕಟ್ಟಿಟ್ಟುಕೊಂಡು ಬಂದಿದ್ದ ಇಡೀ ಭಾಷಣ, ಅವಳು ತಡೆಯುವುದು, ಇವನು ಬಿಡದಿರುವುದು, ಕೊನೆಗೆ ಮ್ಯಾನೇಜರ್ ಸೋಲುವುದು, ಎಲ್ಲವೂ ಯಾರೂ ಕೇಳದ ಇನ್ನೊಂದು ಬೇಡಿಕೆಯಾಗಿ ಬಿದ್ದಿತ್ತು. ಆ ಖಾಲಿ ಕುರ್ಚಿಯಲ್ಲಿ ಹೋಗಿ ಕೂತ. ಯಾಕೆ ಎಂದು ಕೇಳಿದ.

ಅವಳು ಲ್ಯಾಪ್‌ಟಾಪನ್ನು ಇವನ ಕಡೆ ತಿರುಗಿಸಿದಳು. ಮೂರು ತಂಡಗಳಿಗೂ ಸೇರಿ ಪ್ರಶ್ನೆಗಳ ಒಂದು ಪುಟವಿತ್ತು. ಯಾರು ಯಾರನ್ನಾದರೂ ಕೇಳಬಹುದು, ಉತ್ತರ ಬರುವ ತನಕ ಆ ಸಾಲು ಕೆಂಪಗಿರುತ್ತದೆ. ತನ್ನ ಹೆಸರಿನ ಕೆಳಗೆ ಕೆಂಪು ನೂರು ದಾಟಿದ ಮೇಲೆ ಅವನು ಆ ಪುಟವನ್ನು ತೆರೆಯುವುದನ್ನೇ ಬಿಟ್ಟಿದ್ದ; ಬೇಕಾದವರು ಎದುರಿಗೆ ಬಂದು ಕೇಳುತ್ತಾರೆ ಎಂದು. ಎದುರಿಗೆ ಸಿಗದಂತೆ ಮಹಡಿ ಹತ್ತಿದ್ದೂ ಅವನೇ. ಕೆಳಗೆ, ಬಹಳ ಕೆಳಗೆ, ಆರು ತಿಂಗಳ ಹಿಂದಿನ ತಾರೀಖಿನಲ್ಲಿ ಅವಳ ಪ್ರಶ್ನೆ ಇತ್ತು: ಮೂವತ್ತೆರಡನ್ನು ಕೇಳಿದ್ದು ಯಾರು? ಅವರ ಜೊತೆ ಐದು ನಿಮಿಷ ಮಾತಾಡಬೇಕು. ಅದರ ಕೆಳಗೆ ಏಳು ಸಲ ನೆನಪಿಸಿದ್ದಳು. ಏಳೂ ಕೆಂಪು.

ಇದನ್ನು ಅವತ್ತೇ ಮ್ಯಾನೇಜರಿಗೆ ತೋರಿಸಬಹುದಿತ್ತಲ್ಲ, ನಿಮ್ಮ ಮೇಲೆ ಮಾತು ಬರುತ್ತಿರಲಿಲ್ಲ ಎಂದ. ಬಿಸ್ಕತ್ತಿನ ದಿನ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡ.

“ತೋರಿಸಿದ್ರೆ ನೀವು ಅವರಿಗೆ ಹೆದರಿ ಉತ್ತರ ಕೊಡ್ತಿದ್ರಿ ಸರ್. ನಾನು ಕೇಳಿದ್ದಕ್ಕೆ ಕೊಟ್ಟ ಹಾಗೆ ಆಗ್ತಿರ್ಲಿಲ್ಲ. ಹಳೇ ಕಟ್ಟಡದಲ್ಲಿ ಏನಿಲ್ಲದಿದ್ರೂ ಕೇಳಿದ್ದಕ್ಕೆ ಉತ್ತರ ಹೇಳ್ತಾರೆ. ನಾಲ್ಕೇ ಜನ ಇರೋದು, ತಪ್ಪಿಸ್ಕೊಳ್ಳೋಕೆ ಜಾಗ ಇಲ್ಲ.”

ಕೊನೆಯ ಮಾತಿಗೆ ಅವಳು ಸ್ವಲ್ಪ ನಕ್ಕಳು. ಅವನೂ ನಗಲು ನೋಡಿದ, ಆಗಲಿಲ್ಲ. ತಪ್ಪು ಹಿಡಿಯಲು ಕೇಳಿದ್ದೆಂದು ಗೊತ್ತು, ಹಿಡಿದಿದ್ದರೆ ಒಳ್ಳೆಯದೇ ಆಗುತ್ತಿತ್ತು ಎಂದು ಏನೋ ಗೊಣಗಿದ. ಅವಳು ತಲೆಯಾಡಿಸಿದಳು. ತಪ್ಪು ಹಿಡಿಯುವುದಕ್ಕಲ್ಲವಂತೆ. ಕೊಡೆ ಸಿಕ್ಕಿದೆ ಬನ್ನಿ ಎಂದು ಯಂತ್ರ ಹೇಳುವ ಬದಲು, ಏನಾದರೂ ಕಳೆದುಕೊಂಡಿದ್ದೀರಾ ಎಂದು ಕೇಳಿ ಸುಮ್ಮನಾಗಿದ್ದರೆ ಸಾಕಿತ್ತು. ಕಳೆದುಕೊಂಡವರು ತಾವೇ ಗುರುತು ಹೇಳುತ್ತಿದ್ದರು, ಉಳಿದವರು ಇಲ್ಲವೆಂದು ಫೋನ್ ಇಡುತ್ತಿದ್ದರು. ಒಂದೇ ಒಂದು ಸಾಲಿನ ಬದಲಾವಣೆ. ಅದನ್ನು ಬದಲಿಸಲು ಕೇಳಿದವರ ಒಪ್ಪಿಗೆ ಬೇಕಿತ್ತು, ಕೇಳಿದವರು ಯಾರೆಂದು ಗೊತ್ತಾಗಲಿಲ್ಲ.

“ಅದೂ ಅಲ್ಲದೆ,” ಅಂದಳು, ಲ್ಯಾಪ್‌ಟಾಪಿನ ಅಂಚನ್ನು ಬೆರಳಿನಿಂದ ಒರೆಸುತ್ತಾ, “ಎಪ್ಪತ್ತೆಂಟರಲ್ಲಿ ಯಾರೋ ಮನಸಾರೆ ಬೇಕು ಅಂತ ಕೇಳಿದ ಹಾಗಿದ್ದದ್ದು ಅದೊಂದೇ. ಓದಿದ ದಿನ ಮನೆಗೆ ಹೋಗಿ ನಮ್ಮಮ್ಮನಿಗೂ ಹೇಳಿದ್ದೆ. ಯಾರಪ್ಪಾ ಇವರು, ಒಂದ್ಸಲ ನೋಡಬೇಕು ಅನ್ನಿಸ್ತು. ಅದಕ್ಕೇ ಕೇಳಿದ್ದು.”

ಅವನು ಆರು ತಿಂಗಳು ಯಾವುದನ್ನು ಪಾಪವೆಂದು ಬಚ್ಚಿಟ್ಟುಕೊಂಡು ಓಡಾಡಿದ್ದನೋ ಅದನ್ನು ಮೆಚ್ಚಿದ ಜೀವ ಜಗತ್ತಿನಲ್ಲಿ ಇದೊಂದೇ, ಓಡಿದ್ದು ಇದರಿಂದಲೇ. ಅಳು ಬರುವ ಹಾಗಾಯಿತು, ಆಫೀಸಿನಲ್ಲಿ ಅಳುವುದು ಹೇಗೆಂದು ಗೊತ್ತಿರಲಿಲ್ಲ. ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡು, ಉತ್ತರದ ಜಾಗದಲ್ಲಿ ‘ನಾನು’ ಎಂದು ಒತ್ತಿದ. ಸಾಲು ಹಸಿರಾಯಿತು. ಹೊರಗೆ ಲೋಟಗಳ ಸದ್ದು, ಗಡ್ಡದವನು ಏನೋ ಹೇಳಿ ಮೇಷ್ಟ್ರನ್ನು ನಗಿಸುತ್ತಿದ್ದ.

“ಈಗ ಮಾತಾಡೋಣವಾ?” ಅಂದ. “ಐದು ನಿಮಿಷ.”

ಅವಳು ಹಸಿರು ಸಾಲನ್ನು ಕೊನೆಯವರೆಗೂ ಓದಿದಳು, ತಾನು ಪರೀಕ್ಷಿಸುವ ಎಲ್ಲವನ್ನೂ ಓದುವ ಹಾಗೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

“ಈಗ ಬೇಡ ಸರ್,” ಅಂದಳು. “ಆಗ ಬೇಕಿತ್ತು.”